ಟ್ರಂಕಿನೊಳಗಿನ ಹೆಲ್ಮೆಟ್

ಇವತ್ತು ರಾಯಚೂರು ಜಿಲ್ಲೆಯ ಚಿನ್ನದ ಗಣಿ ಊರು ಹಟ್ಟಿಗೆ ಹೋಗಿದ್ದೆ. ದೊಡ್ಡಪ್ಪನ ಹಳೇ ಟ್ರಂಕ್ ತೆಗೆದರೆ ಮೇಲೇ ಅವರ ಗಣಿ ಹೆಲ್ಮೆಟ್. ದೀಪ ಸಿಗಿಸುವ ಕೊಂಡಿಗೆ ತುಕ್ಕು ಹಿಡಿದಿದೆ, ಒಳಗಿನ ಪಟ್ಟಿ ಬೆವರಿಗೆ ಕಪ್ಪಾಗಿದೆ. ಅದರ ಕೆಳಗೆ ತಾಲ್ಲೂಕು ಪಂಚಾಯಿತಿ ಚುನಾವಣೆಯ ಕರಪತ್ರ, ನಾಲ್ಕು ಮಡಿಕೆ.

ಅಲ್ಲಿನ ಮಲ್ಲಪ್ಪ ಶಾಫ್ಟ್‌ನಲ್ಲಿ, ಅಂದರೆ ಗಣಿಗೆ ಇಳಿಯುವ ಆಳದ ಬಾವಿಯಲ್ಲಿ, ಇಳಿದು ದುಡಿದವರು ಅವರು. ಆಮೇಲೆ ಯೂನಿಯನ್, ಆಮೇಲೆ ಪಂಚಾಯಿತಿ ಸದಸ್ಯ. ಸದಸ್ಯರಾದ ಮೇಲೂ ಮನೆಗೆ ಯಾರೇ ಬರಲಿ, ಮೊದಲ ಮಾತು ಒಂದೇ: "ಯಾವ ಶಿಫ್ಟಪಾ ನಿಂದು? ಉಂಡಿಯೇನು?" ಅರ್ಜಿ ವಿಷಯ ಊಟ ಆದ ಮೇಲೆ.

ಬಸ್ಸಿನಲ್ಲಿ ಬರುವಾಗ ಸ್ಕಾಟ್ಲೆಂಡಿನ ಕಾರ್ಮಿಕ ನಾಯಕ ಕೀರ್ ಹಾರ್ಡಿ ನೆನಪಾದರು. 1856ರಲ್ಲಿ ಹುಟ್ಟಿದವರು. ಹತ್ತನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದರು. ಕತ್ತಲಲ್ಲಿ ಕೂತು ಗಣಿಯೊಳಗೆ ಗಾಳಿ ಆಡಿಸುವ ಬಾಗಿಲು ತೆಗೆಯೋದು, ಹಾಕೋದು, ಅದೇ ಕೆಲಸ. ಹತ್ತು ವರ್ಷದ ಮಗು ಅಲ್ವಾ! ನನಗಂತೂ ಕರುಳು ಚುರುಕ್ ಅಂತು. ಗಣಿ ಕೆಲಸಗಾರರ ಸಂಘ ಕಟ್ಟಿದರು. 1892ರಲ್ಲಿ ವೆಸ್ಟ್ ಹ್ಯಾಮ್ ಸೌತ್‌ನಿಂದ ಗೆದ್ದು ಬ್ರಿಟನ್ ಸಂಸತ್ತಿಗೆ ಹೋದರು. ಉಳಿದವರ ಹಾಗೆ ಕರಿ ಕೋಟು, ಎತ್ತರದ ಟೋಪಿ ಹಾಕಲಿಲ್ಲ. ಸಾದಾ ಟ್ವೀಡ್ ಸೂಟಿನಲ್ಲೇ ಒಳಗೆ ನಡೆದರು.

ದೊಡ್ಡಪ್ಪನೂ ಅಷ್ಟೇ. ಮೀಟಿಂಗಿಗೂ ಅದೇ ಗಣಿ ಬೂಟು. ಪಾಲಿಶ್ ಮಾತ್ರ ಮಾಡಿಸುತ್ತಿದ್ದರು. ಭೂಮಿ ಒಳಗೆ ಪಕ್ಕದವನ ಉಸಿರು ಕೇಳಿ ಗೊತ್ತಿದ್ದವರಿಗೆ ಜನರ ಕಷ್ಟ ಬೇಗ ಕೇಳಿಸುತ್ತದೆ ಅಂತ ನನಗೆ ಅನಿಸುತ್ತದೆ.

ಹೆಲ್ಮೆಟ್ ನಾನು ಒಯ್ಯಲಾ ಅಂತ ಕೇಳಿದೆ. ದೊಡ್ಡಮ್ಮ ಸೆರಗಿನಿಂದ ಒರೆಸಿ, ಸುಮ್ನೆ ಮತ್ತೆ ಟ್ರಂಕಿನಲ್ಲಿಟ್ಟರು.