ತಗಡಿನ ಮಾಡಿನ ಕೆಳಗೆ ಬಣ್ಣದ ಕಡ್ಡಿಗಳು

1986ರ ಜೂನ್‌ನಲ್ಲಿ ನಾವು ಎಂಟನೇ ತರಗತಿಗೆ ಬಂದಾಗ ಹೊಸ ಕೊಠಡಿಗೆ ಇನ್ನೂ ಮಾಡು ಬಿದ್ದಿರಲಿಲ್ಲ. ಮೈದಾನದ ಅಂಚಿನ ತಗಡಿನ ಶೆಡ್ಡಿನಲ್ಲಿ ನಮ್ಮನ್ನು ಕೂರಿಸಿದರು. ಆಗುಂಬೆ ಕಡೆಯ ಮಳೆ ತಗಡಿನ ಮೇಲೆ ಹೊಯ್ಯತೊಡಗಿದರೆ ಪಕ್ಕದಲ್ಲಿ ಕುಳಿತವನ ಮಾತೂ ಕೇಳಿಸುತ್ತಿರಲಿಲ್ಲ. ಸಮಾಜದ ಮೇಷ್ಟರು ಬೋರ್ಡಿನ ತುಂಬ ಬರೆದು ನಕಲು ಮಾಡಿಸುತ್ತಿದ್ದರು. ಗಣಿತದವರು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದರು. ಇಂಗ್ಲಿಷ್ ಮೇಷ್ಟರು ಮಾತ್ರ ಮಳೆಯೊಂದಿಗೆ ಪೈಪೋಟಿಗೇ ಇಳಿಯಲಿಲ್ಲ.

ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದರು. ಅಡಿಕೆ ದಬ್ಬೆಯನ್ನು ಸೀಳಿ, ನಯಮಾಡಿ, ಗೇಟಿಗೆ ಬಳಿಯುವ ಬಣ್ಣ ಹಚ್ಚಿದ ಕಡ್ಡಿಗಳು. ಒಂದು ಸೆಂಟಿಮೀಟರಿನದು ಬಿಳಿ, ಎರಡರದು ಕೆಂಪು, ಏಳರದು ಕಪ್ಪು, ಹತ್ತರದು ಕಿತ್ತಳೆ. ಹೀಗೆ ಹತ್ತು ಅಳತೆ, ಹತ್ತು ಬಣ್ಣ. ಎಲ್ಲರನ್ನೂ ಮೇಜಿನ ಸುತ್ತ ಕರೆದರು. ಒಂದು ಕಡ್ಡಿ ಎತ್ತಿ ಹಿಡಿದು "ಎ ರಾಡ್" ಎಂದರು. ಒಂದೇ ಸಲ. ಆಮೇಲೆ ಬೇರೆ ಬಣ್ಣದ್ದನ್ನು ಎತ್ತಿ ನಮ್ಮ ಮುಖ ನೋಡುತ್ತ ನಿಂತರು. ನಾವು ಅವರ ಮುಖ ನೋಡುತ್ತ ನಿಂತೆವು. ಐದನೇ ತರಗತಿಯಿಂದ ಇಂಗ್ಲಿಷ್ ಓದಿದ್ದೆವು ನಿಜ. ಓದಿದ್ದೆಂದರೆ ಮೇಷ್ಟರು ಹೇಳಿದ್ದನ್ನು ಒಟ್ಟಾಗಿ ಕೂಗಿದ್ದು. ಕೂಗುವುದಕ್ಕೆ ಮುಂಚೆ ಯೋಚಿಸಬೇಕಾಗಿ ಬಂದದ್ದು ಆ ದಿನವೇ ಮೊದಲು.

ಮೂರನೆಯ ವಾರವೋ ಏನೋ, ಸಹಪಾಠಿಯೊಬ್ಬಳು "ರೆಡ್ ರಾಡ್ ಟೇಕ್" ಎಂದಳು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ತಾನೆ ಬರುವುದು! ಮೇಷ್ಟರು ತಪ್ಪು ಎನ್ನಲಿಲ್ಲ. ಎಡಗೈಯ ಮೂರು ಬೆರಳು ಎತ್ತಿ, ಒಂದೊಂದನ್ನೇ ಮುಟ್ಟಿ ಒಂದೊಂದು ಪದ ಅವಳಿಂದ ಹೇಳಿಸಿದರು. ಆಮೇಲೆ ಮೂರನೆಯ ಬೆರಳನ್ನು ಬಲಗೈಯಲ್ಲಿ ಹಿಡಿದು, ಅಲ್ಲಿಂದ ಕಿತ್ತು ಮೊದಲ ಬೆರಳಿನ ಆಚೆ ನೆಟ್ಟಂತೆ ತೋರಿಸಿದರು. ಅವಳು ಕಣ್ಣರಳಿಸಿ "ಟೇಕ್ ರೆಡ್ ರಾಡ್" ಎಂದಳು. ಈಗ ನಾಲ್ಕು ಬೆರಳು ಎದ್ದವು; ಎರಡನೆಯದನ್ನು ಮಡಚಿದರು. ಅಲ್ಲೊಂದು ಪದ ಇಲ್ಲ. ಯಾವ ಪದ? ಮಳೆ ಸುರಿಯುತ್ತಲೇ ಇತ್ತು. ಮೇಷ್ಟರು ಕಾದರು, ನಾವೂ ಕಾದೆವು. ಕೊನೆಗೆ ಹಿಂದಿನಿಂದ ಯಾರೋ "ಎ!" ಎಂದು ಕಿರುಚಿದರು. ಮಡಚಿದ ಬೆರಳು ನೆಟ್ಟಗಾಯಿತು. ಅವಳು ಪೂರ್ತಿ ವಾಕ್ಯ ಹೇಳಿದಳು. ಭೇಷ್ ಎಂಬ ಮಾತಿಲ್ಲ. ಕಡ್ಡಿಗಳ ರಾಶಿಯನ್ನು ಅವಳತ್ತ ಸರಿಸಿದರು, ಅಷ್ಟೇ. ಅವಳು ತಾನೇ ಹೇಳಿದಂತೆ ಕೆಂಪು ಕಡ್ಡಿ ಎತ್ತಿಕೊಂಡಳು. ಆ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇದು ಮೇಷ್ಟರು ಸ್ವಂತವಾಗಿ ಕಂಡುಹಿಡಿದದ್ದಲ್ಲ. ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಗ್ರಂಥಾಲಯವೊಂದರಲ್ಲಿ ಕೇಲೆಬ್ ಗತ್ತೆನ್ಯೊ ಅವರ ಪುಸ್ತಕ ಸಿಕ್ಕಿತಂತೆ. ಗತ್ತೆನ್ಯೊ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 1911ರಲ್ಲಿ ಹುಟ್ಟಿದವರು, ಮೂಲತಃ ಗಣಿತಜ್ಞರು. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವೀಸೆನೇರ್ ಲೆಕ್ಕ ಕಲಿಸಲು ಮಾಡಿಕೊಂಡಿದ್ದ ಬಣ್ಣದ ಕಡ್ಡಿಗಳನ್ನು 1953ರಲ್ಲಿ ನೋಡಿ ಮನಸೋತು, ಮುಂದೆ ಅವನ್ನೇ ಭಾಷೆ ಕಲಿಸಲು ಬಳಸಿದರು. 1963ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ವಿಧಾನವನ್ನು 'ಸೈಲೆಂಟ್ ವೇ' ಎಂದು ಕರೆದರು. ಮೌನದ ಹಾದಿ. ಕಲಿಸುವುದು ಕಲಿಯುವುದಕ್ಕೆ ಅಧೀನವಾಗಿರಬೇಕು ಎಂಬುದು ಅವರ ತಿರುಳು. ನಾವು ಹತ್ತನೇ ತರಗತಿಯಲ್ಲಿದ್ದ 1988ರಲ್ಲೇ ಅವರು ತೀರಿಕೊಂಡರು. ನನಗದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕಡ್ಡಿಗಳಿಗಿಂತ ನನ್ನನ್ನು ಹೆಚ್ಚು ಹಿಡಿದದ್ದು ಗೋಡೆಗೆ ನೇತುಹಾಕಿದ ಪಟ. ಗತ್ತೆನ್ಯೊ ಪದ್ಧತಿಯಲ್ಲಿ ಒಂದೊಂದು ಧ್ವನಿಗೆ ಒಂದೊಂದು ಬಣ್ಣ, ಕಾಗುಣಿತ ಏನೇ ಇರಲಿ. ಫ್ಯಾನ್ ಪದದ ಎಫ್, ಫೋಟೊ ಪದದ ಪಿಎಚ್, ಲಾಫ್ ಪದದ ಜಿಎಚ್ ಮೂರಕ್ಕೂ ಒಂದೇ ಬಣ್ಣ. ಬರೆದಂತೆ ಓದುವ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಾಗುಣಿತ ಬರೀ ಮೋಸ ಎನಿಸುತ್ತಿತ್ತು. ಬಣ್ಣ ಹಚ್ಚಿದ ಕೂಡಲೇ ಅದಕ್ಕೂ ಒಂದು ಲೆಕ್ಕವಿದೆ ಎಂದು ಕಂಡಿತು. ಇನ್ನೊಂದು, ಅಂಗಿಯೊಳಗೆ ತೊಡುವ ವೆಸ್ಟ್ ಮತ್ತು ಪಶ್ಚಿಮ ಎನ್ನುವ ವೆಸ್ಟ್. ಇಲ್ಲಿ ಬರೆದಾಗಲೂ ಎರಡೂ ಒಂದೇ ಆಗಿಬಿಟ್ಟವು ನೋಡಿ, ನಮ್ಮಲ್ಲಿರುವುದು ಒಂದೇ ವ. ಪಟದಲ್ಲಿ ಅವಕ್ಕೆ ಎರಡು ಬಣ್ಣ. ಮೇಷ್ಟರು ಉಚ್ಚರಿಸಿ ತೋರಿಸುವ ಬದಲು ಕೆಳತುಟಿಯನ್ನು ಹಲ್ಲಿಗೆ ತಾಗಿಸಿ ಒಂದು ಬಣ್ಣ ಮುಟ್ಟಿದರು, ತುಟಿ ದುಂಡಗೆ ಮಾಡಿ ಇನ್ನೊಂದನ್ನು ಮುಟ್ಟಿದರು. ನನ್ನ ಬಾಯೊಳಗೆ ಎರಡು ಬೇರೆ ಧ್ವನಿಗಳಿಗೆ ಜಾಗವಿದೆಯೆಂದು ನಾನೇ ಕಂಡುಕೊಂಡೆ.

ಊರಿನಲ್ಲಿ ದೂರು ಎದ್ದಿತು. ಮೇಷ್ಟರು ಪಾಠವನ್ನೇ ಮಾಡುವುದಿಲ್ಲ, ಸುಮ್ಮನೆ ನಿಂತು ಕಡ್ಡಿ ಆಡಿಸುತ್ತಾರೆ ಎಂದು. ಪೋಷಕರ ಸಭೆಯಲ್ಲಿ ಕೇಳಿದವರಲ್ಲಿ ನಮ್ಮ ಅಪ್ಪಯ್ಯನೂ ಒಬ್ಬರು. ಮೇಷ್ಟರು ವಾದಿಸಲಿಲ್ಲ, "ನಾಳೆ ಒಂದು ತಾಸು ಬಂದು ಕೂರಿ" ಎಂದರು. ಅಪ್ಪಯ್ಯ ಬಂದು ಕಂಬಳಿ ಹೊದ್ದು ಕೊನೆಯ ಬೆಂಚಿನಲ್ಲಿ ಕುಳಿತರು. ಸಂಜೆ ಗದ್ದೆಯಂಚಿನಲ್ಲಿ ಮನೆಗೆ ನಡೆಯುವಾಗ ಅವರು ಹೇಳಿದ್ದಿಷ್ಟು: "ಅವರು ಸುಮ್ಮನಿರಲಿಲ್ಲ ಕಣೋ. ನಿಮ್ಮ ಮೇಲಿಂದ ಕಣ್ಣೇ ತೆಗೆಯಲಿಲ್ಲ." ಮುಂದಿನ ಭಾನುವಾರ ಗಾಳಿಗೆ ಬಿದ್ದಿದ್ದ ಅಡಿಕೆ ಮರವೊಂದನ್ನು ಸೀಳಿ, ಒಂದು ಹೊರೆ ದಬ್ಬೆ ಮೇಷ್ಟರ ಮನೆಗೆ ಕಳುಹಿಸಿದರು.

ಎಲ್ಲವೂ ಸರಾಗವಾಗಿತ್ತು ಎಂದರೆ ಸುಳ್ಳಾದೀತು. ಆ ಮೌನಕ್ಕೇ ಹೆದರಿ ನಡುಗುತ್ತಿದ್ದ ಹುಡುಗನೊಬ್ಬನಿದ್ದ. ಎಲ್ಲರ ಕಣ್ಣೂ ತನ್ನ ಮೇಲಿದೆ ಎನಿಸಿದರೆ ಅವನ ನಾಲಗೆ ಏಳುತ್ತಿರಲಿಲ್ಲ. ಮೇಷ್ಟರು ಅವನನ್ನು ಬಿಡುವಿನಲ್ಲಿ ಜಗಲಿಗೆ ಕರೆದು, ಪಕ್ಕ ಕೂರಿಸಿಕೊಂಡು, ಕನ್ನಡದಲ್ಲೇ ಮಾತಾಡಿಸುತ್ತ ಕಲಿಸುತ್ತಿದ್ದರು. ಮೌನ ಎಲ್ಲ ಮಕ್ಕಳಿಗೂ ಎಲ್ಲ ದಿನವೂ ಒಗ್ಗುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಹತ್ತನೇ ತರಗತಿಯಲ್ಲಿ ಪಬ್ಲಿಕ್ ಪರೀಕ್ಷೆ ಹತ್ತಿರವಾದಾಗ ಡಬ್ಬಿ ಬೀರು ಸೇರಿತು, ಪ್ರಶ್ನೋತ್ತರ ಬರೆಸಲೇಬೇಕಾಯಿತು.

ನಾನೀಗ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸಕ್ಕೆಂದು ಹೊರರಾಜ್ಯಗಳಿಂದ ಬಂದವರಿಗೆ ಸಂಜೆ ಹೊತ್ತು ಕನ್ನಡ ಕಲಿಸುತ್ತೇನೆ. ನಿವೃತ್ತಿಯ ನಂತರ ಮೇಷ್ಟರು ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಕನ್ನಡಕ್ಕೆ ಬೆರಳು ಸಾಲುವುದಿಲ್ಲ, ಬೆರಳಿನ ಗೆಣ್ಣೂ ಬೇಕು. ಪದಕ್ಕೆ ಬೆರಳು, ಪ್ರತ್ಯಯಕ್ಕೆ ತುದಿಯ ಗೆಣ್ಣು. ಕಳೆದ ತಿಂಗಳು ಬಿಹಾರದ ಯುವಕನೊಬ್ಬ "ಕೆಂಪು ಕಡ್ಡಿ ಅವರು ಕೊಡಿ" ಎಂದ. ನಾನು ಮೂರನೆಯ ಬೆರಳಿನ ತುದಿ ಮುಟ್ಟಿ ಕಾದೆ. ಆತ ತನ್ನಷ್ಟಕ್ಕೆ "ನನಗೆ, ನಿಮಗೆ" ಎಂದು ಗುನುಗಿಕೊಂಡ. ಅವೆರಡನ್ನೂ ದಿನವಿಡೀ ಕೌಂಟರಿನಲ್ಲಿ ಕೇಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಿಂತೇ ಹೇಳಿದ: "ಅವರಿಗೆ! ಕೆಂಪು ಕಡ್ಡಿ ಅವರಿಗೆ ಕೊಡಿ."

ಶಾಲೆಯ ಸುವರ್ಣ ಮಹೋತ್ಸವಕ್ಕೆ ಬರುವಾಗ ಡಬ್ಬಿಯನ್ನು ತಂದು ಇಂಗ್ಲಿಷ್ ಶಿಕ್ಷಕರಿಗೆ ಒಪ್ಪಿಸುತ್ತೇನೆ. ಕಪ್ಪು ಕಡ್ಡಿಯೊಂದು ಕಳೆದುಹೋಗಿತ್ತು. ನಮ್ಮ ತೋಟದ ದಬ್ಬೆಯಿಂದ ಏಳು ಸೆಂಟಿಮೀಟರ್ ಅಳೆದು ಕೊಯ್ದು ಬಣ್ಣ ಹಚ್ಚಿ ಇಟ್ಟಿದ್ದೇನೆ. ಈ ಮಳೆಯಲ್ಲಿ ಅದಿನ್ನೂ ಒಣಗಿಲ್ಲ, ಮುಟ್ಟಿದರೆ ಬೆರಳಿಗೆ ಅಂಟುತ್ತಿದೆ.