ಬೇರೆ ಹೆಸರಿನ ಮಹಾರಾಣಿ

ಗಂಗಾವತಿಯ ಲಾಡ್ಜೊಂದರಲ್ಲಿ ನಾನು ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಆನೆಗೊಂದಿ ನೋಡಲು ಬರುವವರೇ ಜಾಸ್ತಿ. ರಿಜಿಸ್ಟರ್‌ನಲ್ಲಿ ಹೆಸರು ಬರೆಸುವಾಗ ಜಿನೀವಾದ ಬೋ ರಿವಾಜ್ ಹೋಟೆಲ್ ನೆನಪಾಗುತ್ತದೆ. ಸರೋವರದ ದಂಡೆಯಲ್ಲಿ 1865ರಲ್ಲಿ ಶುರುವಾದದ್ದು.

1898ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾದ ಮಹಾರಾಣಿ ಎಲಿಸಬೆತ್ ಅಲ್ಲಿ ಇಳಿದುಕೊಂಡಿದ್ದರು. ಹೋಹೆನೆಂಬ್ಸ್ ಕೌಂಟೆಸ್ ಎಂಬ ಹೆಸರಲ್ಲಿ. ಪಾಪ, ಸುಮ್ನೆ ಯಾರ ಕಣ್ಣಿಗೂ ಬೀಳದೆ ಇರೋಣ ಅಂತ ಅಲ್ವಾ? ಆದರೂ ಸುದ್ದಿ ಪತ್ರಿಕೆಗೆ ಸಿಕ್ಕಿತು. 10ರಂದು ಹಡಗು ಹತ್ತಲು ದಂಡೆಯಲ್ಲಿ ನಡೆದು ಹೋಗುವಾಗ ಲುಯಿಜಿ ಲುಕೇನಿ ಎಂಬಾತ ಲೋಹ ಉಜ್ಜುವ ಅರವನ್ನು ಚೂಪು ಮಾಡಿ, ಅದರಿಂದ ಎದೆಗೆ ಇರಿದ. ಬಿಗಿಯಾದ ಒಳ ಉಡುಪಿನಿಂದಾಗಿ ಗಾಯ ಗೊತ್ತೇ ಆಗಲಿಲ್ಲ. ಎದ್ದು ನಡೆದು ಹಡಗು ಹತ್ತಿದರು, ಆಮೇಲೆ ಕುಸಿದರು. ಅದೇ ಹೋಟೆಲಿಗೆ ಹೊತ್ತು ತಂದರು. ಅಲ್ಲೇ ಜೀವ ಹೋಯಿತು.

ಯಾವ ರೂಮಿನಲ್ಲಿ ಯಾರಿದ್ದಾರೆ ಅಂತ ಹೊರಗಿನವರು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ.