ವಿಡಿಯೊ ಇದೆಯಲ್ಲ, ಇನ್ನೇನು ಬೇಕು?

ಈ ವಾರವಿಡೀ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. “ವಿಡಿಯೊ ಇದೆಯಲ್ಲ, ಇನ್ನೇನು ಬೇಕು?” ಕೇಳಿದವರು ಒಂದು ಸಂಸ್ಥೆಯ ಕಚೇರಿ ವ್ಯವಸ್ಥಾಪಕರು. ಆ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದವಳು ಹಿಂದೆ ನನ್ನೊಡನೆ ಸಂಕಲನದ ಕೆಲಸ ಮಾಡಿ, ಈಗ ಸ್ವತಂತ್ರವಾಗಿ ದುಡಿಯುತ್ತಿರುವ ಹುಡುಗಿ. ನಾನು ಅವಳ ಪಕ್ಕದಲ್ಲಿ ಕುಳಿತಿದ್ದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಉಡಾಫೆಯೂ ಇರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ ಪ್ರಶ್ನೆ ಅದು. ಅದಕ್ಕಾಗಿಯೇ ಅದು ನನ್ನನ್ನು ಹೆಚ್ಚು ಕಾಡುತ್ತಿದೆ.

ಸಂಸ್ಥೆಯನ್ನು ಕಟ್ಟಿದ ಹಿರಿಯರೊಬ್ಬರ ಬಗ್ಗೆ ಅವಳು ಅಲ್ಲಿಯ ಕಂಪ್ಯೂಟರಿನಲ್ಲೇ ಕುಳಿತು ಸಾಕ್ಷ್ಯಚಿತ್ರವೊಂದನ್ನು ಸಂಕಲಿಸಿಕೊಟ್ಟಿದ್ದಳು. ಚಿತ್ರ ಪ್ರದರ್ಶನವಾಯಿತು, ಎಲ್ಲರೂ ಮೆಚ್ಚಿದರು. ಕೆಲವು ಕಾಲದ ನಂತರ ಡಿಸ್ಕ್ ತುಂಬಿತೆಂದು ವ್ಯವಸ್ಥಾಪಕರು ಅಂತಿಮ ವಿಡಿಯೊವನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು, ಉಳಿದ ಫೋಲ್ಡರನ್ನು ರೀಸೈಕಲ್ ಬಿನ್‌ಗೂ ಹೋಗದಂತೆ ಶಿಫ್ಟ್ ಒತ್ತಿ ಅಳಿಸಿಹಾಕಿದರು. ಹೊರಗಿನ ಹಾರ್ಡ್ ಡಿಸ್ಕಿನಲ್ಲಿದ್ದ ಮೂಲ ಫುಟೇಜಿಗೂ, ಅಂದರೆ ಚಿತ್ರೀಕರಿಸಿದ ದೃಶ್ಯಗಳಿಗೂ, ಅದೇ ಗತಿಯಾಯಿತು. ಈಗ ಚಿತ್ರದಲ್ಲಿ ಮಾತನಾಡಿದ ಒಬ್ಬರ ಹೆಸರನ್ನು ತಿದ್ದಬೇಕು, ಇನ್ನೊಬ್ಬರು ತಾವಾಡಿದ ಒಂದು ಮಾತನ್ನು ತೆಗೆಯಲು ಕೇಳಿದ್ದಾರೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಅರ್ಧ ಗಂಟೆಯ ಕೆಲಸವೆಂದು ಅವಳನ್ನು ಕರೆಸಿದ್ದರು. ಫೋಲ್ಡರ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲದಿರುವುದನ್ನು ಕಂಡು ಅವಳು ನನಗೆ ಫೋನ್ ಮಾಡಿದಳು. “ಸರ್, ಪ್ರಾಜೆಕ್ಟೇ ಇಲ್ಲ” ಎಂದಷ್ಟೇ ಹೇಳಿದಳು.

ಎಕ್ಸ್‌ಪೋರ್ಟ್ ಆದ, ಅಂದರೆ ಸಿದ್ಧವಾಗಿ ಒಂದೇ ಕಡತವಾಗಿ ಹೊರಬಂದ ವಿಡಿಯೊದಲ್ಲಿ ಹೆಸರಿನ ಅಕ್ಷರಗಳು ಚಿತ್ರದ ಮೇಲೆ ಕುಳಿತಿರುವುದಿಲ್ಲ, ಅವು ಚಿತ್ರವೇ ಆಗಿಬಿಟ್ಟಿರುತ್ತವೆ. ಅವುಗಳ ಹಿಂದೆ ಇದ್ದ ಅಂಗಿಯ ಬಣ್ಣ ಆ ಕಡತದಲ್ಲಿ ಎಲ್ಲಿಯೂ ಇಲ್ಲ. ಮಾತು, ಸಂಗೀತ, ಹಿನ್ನೆಲೆಯ ಸದ್ದು ಎಲ್ಲವೂ ಒಂದೇ ಧ್ವನಿಪಥದಲ್ಲಿ ಬೆರೆತಿರುತ್ತವೆ. ಒಂದು ವಾಕ್ಯವನ್ನು ಕತ್ತರಿಸಿದರೆ ಅದರ ಕೆಳಗೆ ಹರಿಯುತ್ತಿರುವ ಸಂಗೀತವೂ ಅಲ್ಲಿಯೇ ತುಂಡಾಗುತ್ತದೆ. ಮಾತನ್ನೂ ಸಂಗೀತವನ್ನೂ ಬೇರ್ಪಡಿಸುವ ಸಾಧನಗಳು ಈಗ ಬಂದಿವೆ, ನಿಜ. ಆದರೆ ಅವು ಮಾತಿನ ಅಂಚುಗಳನ್ನು ಸವೆಸಿ, ದನಿಯಲ್ಲಿ ಒಂದು ಬಗೆಯ ಲೋಹದ ಗುಣ ತುಂಬುವುದನ್ನು ಕಿವಿ ಪಳಗಿದವರು ಕೂಡಲೇ ಹಿಡಿಯುತ್ತಾರೆ. ಹೀಗೆ ಹೆಸರನ್ನು ತಿದ್ದಲಿಕ್ಕೂ ಮಾತನ್ನು ತೆಗೆಯಲಿಕ್ಕೂ ಬೇಕಾದದ್ದು ವಿಡಿಯೊ ಅಲ್ಲ, ಪ್ರಾಜೆಕ್ಟ್.

ಪ್ರಾಜೆಕ್ಟ್ ಕಡತದಲ್ಲಿ ದೃಶ್ಯವೂ ಇರುವುದಿಲ್ಲ, ಸದ್ದೂ ಇರುವುದಿಲ್ಲ. ಯಾವ ಫುಟೇಜಿನ ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ ತೆಗೆದುಕೊಳ್ಳಬೇಕು, ಅದನ್ನು ಎಲ್ಲಿ ಇಡಬೇಕು, ಸಂಗೀತ ಎಲ್ಲಿ ತಗ್ಗಬೇಕು, ಅಕ್ಷರ ಎಷ್ಟು ಹೊತ್ತು ನಿಲ್ಲಬೇಕು ಎಂಬ ನಿರ್ಧಾರಗಳು ಮಾತ್ರ ಅಲ್ಲಿರುತ್ತವೆ. ಹಾಗಾಗಿ ನೂರಾರು ಗಿಗಾಬೈಟ್ ಫುಟೇಜಿನ ಮೇಲೆ ವಾರಗಟ್ಟಲೆ ನಡೆದ ದುಡಿಮೆಯೂ ಕೆಲವೇ ಮೆಗಾಬೈಟುಗಳ ಕಡತದಲ್ಲಿ ಹಿಡಿಸುತ್ತದೆ. ಜಾಗ ಖಾಲಿ ಮಾಡುವವರಿಗೆ ಆ ಕಡತವನ್ನು ಅಳಿಸಿ ಸಿಗುವ ಲಾಭ ಏನೂ ಇಲ್ಲವೆಂದೇ ಹೇಳಬೇಕು. ಫುಟೇಜ್ ಕಳೆದರೆ ಚಿತ್ರೀಕರಿಸಿದವರ ಕೆಲಸ ಹೋಗುತ್ತದೆ. ಪ್ರಾಜೆಕ್ಟ್ ಕಳೆದರೆ ಸಂಕಲನಕಾರರು ಏನು ಯೋಚಿಸಿದ್ದರೆಂಬ ದಾಖಲೆಯೇ ಹೋಗುತ್ತದೆ.

ನಾನು ಅಲ್ಲಿಗೆ ಹೋದ ಕೂಡಲೇ ಕೇಳಿದ್ದು, ಅಳಿಸಿದ ಮೇಲೆ ಈ ಡಿಸ್ಕುಗಳಲ್ಲಿ ಏನೇನು ತುಂಬಿದ್ದೀರಿ ಎಂದು. ಕಡತವನ್ನು ಅಳಿಸಿದಾಗ ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ತಕ್ಷಣ ಒರಸಿಹೋಗುವುದಿಲ್ಲ. ಆ ಜಾಗ ಬಳಕೆಗೆ ಬಿಡುವಾಗಿದೆ ಎಂಬ ಗುರುತು ಮಾತ್ರ ಬೀಳುತ್ತದೆ, ಮೇಲೆ ಹೊಸದನ್ನು ಬರೆಯುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಆದ್ದರಿಂದ ಅಳಿಸಿದ್ದು ತಿಳಿದ ಕ್ಷಣದಿಂದ ಆ ಡಿಸ್ಕಿಗೆ ಏನನ್ನೂ ಬರೆಯಬಾರದು, ಮರಳಿ ಪಡೆಯುವ ಸಾಫ್ಟ್‌ವೇರನ್ನೂ ಅದರಲ್ಲಿ ಹಾಕಬಾರದು, ಸಿಕ್ಕಿದ್ದನ್ನು ಬೇರೆಯ ಡಿಸ್ಕಿಗೇ ಇಳಿಸಿಕೊಳ್ಳಬೇಕು. ತಿರುಗುವ ಭಾಗಗಳಿಲ್ಲದೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯ ವಿಷಯ ಬೇರೆ. ಅಲ್ಲಿ ಕಡತ ಅಳಿದ ಕೂಡಲೇ ಕಂಪ್ಯೂಟರ್ ‘ಟ್ರಿಮ್’ ಎಂಬ ಆದೇಶ ಕಳುಹಿಸುತ್ತದೆ, ಡ್ರೈವ್ ತನ್ನ ಬಿಡುವಿನಲ್ಲಿ ಆ ಭಾಗವನ್ನು ನಿಜವಾಗಿಯೇ ಖಾಲಿ ಮಾಡಿಬಿಡುತ್ತದೆ. ಪ್ರಾಜೆಕ್ಟ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ, ಫುಟೇಜ್ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಪ್ರಾಜೆಕ್ಟನ್ನು ಅಲ್ಲಿಂದ ತೆಗೆಯುವ ಆಸೆಯನ್ನು ಆಗಲೇ ಬಿಟ್ಟೆವು.

ಆಗಲೇ ವ್ಯವಸ್ಥಾಪಕರು ಆ ಮಾತು ಹೇಳಿದ್ದು. ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟು, ಅವಳತ್ತ ಸರಿಸಿ, “ವಿಡಿಯೊ ಇದೆಯಲ್ಲ, ಇನ್ನೇನು ಬೇಕು?” ಎಂದರು. ಅವಳು ಉತ್ತರ ಕೊಡಲಿಲ್ಲ. ಪೆನ್ ಡ್ರೈವನ್ನು ಕೈಗೆತ್ತಿಕೊಂಡು ಹಾಗೆಯೇ ಇಟ್ಟಳು.

ಅಳಿದ ಪ್ರಾಜೆಕ್ಟನ್ನು ಹುಡುಕುವಾಗ ಎಲ್ಲರಿಗೂ ಮೊದಲು ನೆನಪಾಗುವುದು ಆಟೊ ಸೇವ್, ಅಂದರೆ ತಂತ್ರಾಂಶ ಆಗಾಗ ತಾನೇ ಉಳಿಸಿಡುವ ಪ್ರತಿ. ಅವಳು ಬಳಸುತ್ತಿದ್ದ ಪ್ರೀಮಿಯರ್ ಪ್ರೊ ಎಂಬ ಸಂಕಲನ ತಂತ್ರಾಂಶದಲ್ಲಿ ನಾವು ಬದಲಿಸದಿದ್ದರೆ ಆಟೊ ಸೇವ್ ಪ್ರತಿಗಳು ಪ್ರಾಜೆಕ್ಟ್ ಕಡತದ ಪಕ್ಕದಲ್ಲೇ ಒಂದು ಫೋಲ್ಡರಿನಲ್ಲಿ ಸೇರುತ್ತಾ ಹೋಗುತ್ತವೆ. ಸಾಫ್ಟ್‌ವೇರ್ ನಡುವೆ ಕೈಕೊಟ್ಟರೆ ಅವು ಕಾಪಾಡುತ್ತವೆ. ಇಡೀ ಫೋಲ್ಡರನ್ನೇ ಅಳಿಸಿದರೆ ಅವೂ ಜೊತೆಯಲ್ಲೇ ಹೋಗುತ್ತವೆ. ಇನ್ನೊಂದು ಸಂಕಲನ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್ ತನ್ನ ಪ್ರಾಜೆಕ್ಟುಗಳನ್ನು ಬಿಡಿ ಕಡತಗಳಾಗಿ ಇಡದೆ ಒಂದು ಡೇಟಾಬೇಸಿನಲ್ಲಿ ಇಡುತ್ತದೆ, ಪ್ರಾಜೆಕ್ಟ್ ಬ್ಯಾಕಪ್ ಎಲ್ಲಿ ಸೇರಬೇಕೆಂಬುದನ್ನು ಸೆಟ್ಟಿಂಗಿನಲ್ಲಿ ತಿಳಿಸಬಹುದು. ಫೈನಲ್ ಕಟ್ ಪ್ರೊ ತನ್ನ ಲೈಬ್ರರಿಯ ಬ್ಯಾಕಪ್ಪುಗಳನ್ನು ಮ್ಯಾಕ್‌ನ ಮೂವೀಸ್ ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ಇರಿಸುತ್ತದೆ, ಆದರೆ ಆ ಬ್ಯಾಕಪ್ಪಿನಲ್ಲಿ ಫುಟೇಜ್ ಸೇರಿರುವುದಿಲ್ಲ. ಮೊಬೈಲಿನಲ್ಲಿ ಸಂಕಲನ ಮಾಡುವವರ ಪರಿಸ್ಥಿತಿ ಇನ್ನೂ ನಾಜೂಕು: ಡ್ರಾಫ್ಟುಗಳು ಸಾಮಾನ್ಯವಾಗಿ ಆ ಆ್ಯಪ್‌ನ ಸ್ವಂತ ಜಾಗದಲ್ಲೇ ಇರುವುದರಿಂದ, ಆ್ಯಪ್ ತೆಗೆದು ಮತ್ತೆ ಹಾಕಿದರೆ ಅಥವಾ ‘ಕ್ಲಿಯರ್ ಡೇಟಾ’ ಒತ್ತಿದರೆ ಎಲ್ಲವೂ ಹೋಗುತ್ತವೆ. ಈಗಿನ ಫೋನುಗಳ ಸಂಗ್ರಹ ಗೂಢಲಿಪಿಯಲ್ಲಿರುವುದರಿಂದ ಹಾಗೆ ಹೋದದ್ದನ್ನು ತೆಗೆದುಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಿ ಹಣ ಕಟ್ಟಬಾರದು.

ನಮಗೆ ದಾರಿ ತೋರಿಸಿದ್ದು ಧ್ವನಿ ಮಿಶ್ರಣ ಮಾಡಿದ್ದ ಗೆಳೆಯ. ಹಳೆಯ ಮೇಲ್ ಯಾವುದನ್ನೂ ಅಳಿಸದ ಮನುಷ್ಯ ಆತ. ಇದನ್ನು ಜಿಡ್ಡುತನವೆಂದು ಆಡಿಕೊಳ್ಳುವವರಿದ್ದಾರೆ, ನನಗೆ ಮಾತ್ರ ಆತನ ಮೇಲೆ ಮೊದಲಿನಿಂದಲೂ ಗೌರವವಿದೆ. ಚಿತ್ರ ಮುಗಿಯುವ ಸ್ವಲ್ಪ ಮುಂಚೆ ಅವಳು ಆತನಿಗೆ ಪ್ರಾಜೆಕ್ಟ್ ಕಡತವನ್ನು ಮೇಲ್‌ಗೆ ಲಗತ್ತಿಸಿ ಕಳಿಸಿದ್ದಳು. ಕಡತ ಚಿಕ್ಕದಾಗಿರುವುದರ ಪುಣ್ಯ ಇದು. ಆತ ಅದೇ ಸಂಜೆ ಮರಳಿ ಕಳಿಸಿದ.

ತೆರೆದಾಗ ಮಾನಿಟರಿನ ತುಂಬ ಕೆಂಪು. ಫುಟೇಜ್ ಸಿಗುತ್ತಿಲ್ಲವೆಂದು ಹಲವು ಭಾಷೆಗಳಲ್ಲಿ ಹೇಳುವ ಆ ಕೆಂಪು ಪರದೆಯನ್ನು ಸಂಕಲನಕಾರರೆಲ್ಲ ಬಲ್ಲರು. ಆದರೆ ಅದರ ಕೆಳಗೆ ಟೈಮ್‌ಲೈನ್, ಅಂದರೆ ತುಂಡುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ, ಇಡಿಯಾಗಿ ಇತ್ತು. ಪ್ರತಿ ತುಂಡೂ ತನ್ನ ಜಾಗದಲ್ಲಿ, ಸಂಗೀತದ ಏರಿಳಿತದ ಗೆರೆಗಳೂ ಹಾಗೆಯೇ. ಮೇಲೆ ಅವಳು ತನಗಾಗಿ ಹಾಕಿಕೊಂಡಿದ್ದ ಮಾರ್ಕರುಗಳಿದ್ದವು. ಒಂದರ ಮೇಲೆ ಮೌಸ್ ಇಟ್ಟಾಗ ಅವಳ ಟಿಪ್ಪಣಿ ತೆರೆದುಕೊಂಡಿತು: “ಇಲ್ಲಿ ಸಂಗೀತ ಬೇಡ. ಅವರು ಉಸಿರೆಳೆದುಕೊಳ್ಳುವುದು ಕೇಳಲಿ.” ಮತ್ತೊಂದರಲ್ಲಿ, “ಕೈ ನಡುಗುವ ಶಾಟ್ ಇದ್ದರೂ ಬಳಸುವುದಿಲ್ಲ.” ವ್ಯವಸ್ಥಾಪಕರು ಹಿಂದೆ ನಿಂತು ಓದುತ್ತಿದ್ದರು. “ಇದೆಲ್ಲ ನೀವೇ ಬರೆದದ್ದಾ?” ಎಂದು ಕೇಳಿದರು. “ಹೌದು ಸರ್” ಎಂದಳು. ಅವರು ಇನ್ನೇನೂ ಹೇಳದೆ ಹೊರಗೆ ಹೋದರು. ಅವರಿಗೆ ಏನನ್ನಿಸಿತೋ ಊಹಿಸುವ ಹಕ್ಕು ನನಗಿಲ್ಲ. ಕೈ ನಡುಗುವ ಆ ಶಾಟನ್ನು ಬಿಟ್ಟದ್ದು ಆ ಹಿರಿಯರ ಘನತೆಗಾಗಿ ಅವಳು ಮಾಡಿದ ಕೆಲಸ. ಅಂತಿಮ ವಿಡಿಯೊ ನೋಡಿದವರಿಗೆ ಅಂಥದೊಂದು ಶಾಟ್ ಇತ್ತೆಂಬುದೂ ತಿಳಿಯುವುದಿಲ್ಲ.

ಫುಟೇಜ್ ಬಹುಪಾಲು ಸಿಕ್ಕಿತು. ಅದಿದ್ದದ್ದು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಕಡತ ವ್ಯವಸ್ಥೆಯ ಡಿಸ್ಕಾದ್ದರಿಂದ ಅಳಿದ ಕಡತಗಳ ನಮೂದುಗಳಲ್ಲಿ ಹಲವು ಇನ್ನೂ ಉಳಿದಿದ್ದವು. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಅವನ್ನು ಹೆಸರಿನ ಸಮೇತ ಎತ್ತಿಕೊಟ್ಟಿತು. ಹೆಸರು ಉಳಿಯುವುದೇ ಮುಖ್ಯ, ಏಕೆಂದರೆ ಪ್ರಾಜೆಕ್ಟ್ ತನ್ನ ಫುಟೇಜನ್ನು ಹುಡುಕುವುದು ಹೆಸರು ಮತ್ತು ವಿಳಾಸದಿಂದ. ಮೂಲದಂತೆಯೇ ಫೋಲ್ಡರುಗಳನ್ನು ಜೋಡಿಸಿ ಒಂದು ಕಡತವನ್ನು ತೋರಿಸಿದರೆ ಉಳಿದವನ್ನು ಅದು ತಾನೇ ಹಿಡಿದುಕೊಳ್ಳುತ್ತದೆ. ನಮೂದು ಹಾಳಾಗಿದ್ದ ಕಡತಗಳಿಗೆ ಅದರ ಜೊತೆಗಾರ ತಂತ್ರಾಂಶ ಫೋಟೊರೆಕ್ ಬೇಕಾಯಿತು. ಅದು ಕಡತದ ಆರಂಭದ ಗುರುತನ್ನು ನೋಡಿ ಎತ್ತುತ್ತದೆ, ಹೆಸರು ಕೊಡುವುದಿಲ್ಲ. ಅಂಕಿಗಳ ಹೆಸರು ಹೊತ್ತು ಬಂದ ತುಣುಕುಗಳನ್ನು ಅವಧಿ ಮತ್ತು ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ನೋಡಿ ಅವಳೇ ಒಂದೊಂದಾಗಿ ಗುರುತಿಸಿದಳು. ಅಳಿಸಿದ ನಂತರ ಯಾರೋ ಆ ಡಿಸ್ಕಿಗೆ ಬೇರೊಂದು ಸಮಾರಂಭದ ಫೋಟೊಗಳನ್ನು ತುಂಬಿದ್ದರು. ಅವು ಕುಳಿತ ಜಾಗದಲ್ಲಿದ್ದ ಒಂದು ಸಂದರ್ಶನದ ಭಾಗ ಮರಳಲಿಲ್ಲ, ಮರಳುವುದೂ ಇಲ್ಲ.

ಮೇಲ್‌ನಲ್ಲಿ ಹೋದ ಪ್ರತಿಗೂ ಅಂತಿಮ ಚಿತ್ರಕ್ಕೂ ನಡುವೆ ಆಗಿದ್ದ ಬದಲಾವಣೆಗಳನ್ನು ಹುಡುಕಲು ಅವಳು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಪೆನ್ ಡ್ರೈವಿನ ವಿಡಿಯೊವನ್ನು ಟೈಮ್‌ಲೈನಿನ ಮೇಲಿನ ಪಥದಲ್ಲಿಟ್ಟು ಬ್ಲೆಂಡ್ ಮೋಡನ್ನು, ಎರಡು ಚಿತ್ರಗಳ ನಡುವಿನ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್‌ಗೆ ಬದಲಿಸಿದಳು. ಎರಡೂ ಒಂದೇ ಆಗಿರುವಲ್ಲಿ ಪರದೆ ಕಪ್ಪಾಗುತ್ತದೆ. ಒಂದು ಫ್ರೇಮ್ ಸರಿದಿದ್ದರೂ ಮುಖದ ಅಂಚು ಮಸುಕಾಗಿ ಹೊಳೆಯುತ್ತದೆ. ಹಾಗೆ ಹೊಳೆದ ಕಡೆಗಳಲ್ಲೆಲ್ಲ ನಿಂತು ಸರಿಪಡಿಸುತ್ತಾ ಬಂದಳು. ‘ಇದೆಯಲ್ಲ’ ಎಂದು ಅವರು ಸರಿಸಿದ ವಿಡಿಯೊ ಹೀಗೆ ಉಪಯೋಗಕ್ಕೆ ಬಂತು.

ವ್ಯವಸ್ಥಾಪಕರನ್ನು ದೂರಿ ಈ ವಿಷಯವನ್ನು ಮುಗಿಸಲು ನನಗೆ ಮನಸ್ಸಿಲ್ಲ. ಅವರು ಜವಾಬ್ದಾರಿಯುಳ್ಳವರು, ಅಳಿಸುವ ಮೊದಲು ಅಂತಿಮ ವಿಡಿಯೊವನ್ನು ಮರೆಯದೆ ನಕಲು ಮಾಡಿಟ್ಟವರು. ತಮಗೆ ಕಾಣುವುದನ್ನು ಅವರು ಜೋಪಾನ ಮಾಡಿದರು. ಅವರಿಗೆ ಕಾಣದ್ದು ಆ ವಿಡಿಯೊದ ಹಿಂದಿನ ಕೆಲಸ. ಸಂಕಲನ ಚೆನ್ನಾಗಿ ಆದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದಕ್ಕೆ ಬೆಲೆ ಕಟ್ಟುವವರಿಲ್ಲ, ಬೆಲೆ ಕಟ್ಟದ್ದನ್ನು ಕಾಯ್ದಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅನುವಾದಕರ ಕರಡುಗಳು, ವಾಸ್ತುಶಿಲ್ಪಿಗಳ ಮೊದಲ ನಕ್ಷೆಗಳು, ಸಂಶೋಧಕರ ಕ್ಷೇತ್ರ ಟಿಪ್ಪಣಿಗಳು ಕೂಡ ಇದೇ ಕಾರಣಕ್ಕೆ ಕಸದ ಬುಟ್ಟಿ ಸೇರುತ್ತವೆ. ಕೆಲಸ ಮಾಡಿಸಿಕೊಂಡವರು ಫಲವನ್ನು ಮಾತ್ರ ತಮ್ಮದೆಂದು ತಿಳಿದು, ಅದು ಆದ ಬಗೆಯನ್ನು ಯಾರದೂ ಅಲ್ಲವೆಂಬಂತೆ ನೋಡುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅವಳೂ ನಾನೂ ಕುಳಿತು ಇನ್ನು ಮುಂದಿನ ವ್ಯವಸ್ಥೆಯನ್ನು ಗೊತ್ತುಮಾಡಿಕೊಂಡೆವು. ಆಟೊ ಸೇವ್ ಇನ್ನು ಪ್ರಾಜೆಕ್ಟಿನ ಪಕ್ಕದಲ್ಲಿ ಇರುವುದಿಲ್ಲ, ಬೇರೆಯ ಡಿಸ್ಕಿಗೆ ಹೋಗುತ್ತದೆ. ದಿನದ ಕೊನೆಯಲ್ಲಿ ಪ್ರಾಜೆಕ್ಟಿನ ಒಂದು ಪ್ರತಿ ದಿನಾಂಕದ ಹೆಸರಿನಲ್ಲಿ ಕ್ಲೌಡಿಗೆ ಏರುತ್ತದೆ. ಫುಟೇಜನ್ನು ಕ್ಲೌಡಿಗೆ ಏರಿಸುವುದು ದುಬಾರಿ ಇರಬಹುದು, ಪ್ರಾಜೆಕ್ಟಿಗೆ ಆ ನೆಪ ನಡೆಯುವುದಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ನಿಯಮದಂತೆ, ಮೂರು ಪ್ರತಿಗಳು, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಗೂಗಲ್ ಡ್ರೈವ್‌ನೊಂದಿಗೆ ಸಿಂಕ್ ಆಗುವ ಫೋಲ್ಡರನ್ನು ನಾವು ಬ್ಯಾಕಪ್ ಎಂದು ಎಣಿಸಲಿಲ್ಲ: ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಗೂಗಲ್ ಡ್ರೈವಿನ ಟ್ರ್ಯಾಶಿನಲ್ಲಿ ಉಳಿಯುವುದು 30 ದಿನ ಮಾತ್ರ. ಸಂಸ್ಥೆಯಲ್ಲಿ ಫೋಲ್ಡರ್ ಅಳಿದದ್ದು ಗೊತ್ತಾಗುವ ಹೊತ್ತಿಗೆ ಅಂಥ ಗಡುವು ಎಂದೋ ದಾಟಿತ್ತು. ಬ್ಯಾಕಪ್ಪಿನಿಂದ ಆಗಾಗ ಒಂದು ಪ್ರಾಜೆಕ್ಟನ್ನು ತೆರೆದು ನೋಡುವುದನ್ನೂ ಸೇರಿಸಿದೆವು.

ಇವೆಲ್ಲಕ್ಕಿಂತ ನಾನು ಹಟ ಹಿಡಿದದ್ದು ಒಪ್ಪಂದಪತ್ರದ ಒಂದು ಷರತ್ತಿಗೆ. ಪ್ರಾಜೆಕ್ಟ್ ಕಡತದ ಒಂದು ಪ್ರತಿ ಸಂಕಲನಕಾರರ ಬಳಿ ಇರುತ್ತದೆ, ಸಂಸ್ಥೆ ತನ್ನ ಪ್ರತಿಯನ್ನೂ ಫುಟೇಜನ್ನೂ ಅಳಿಸುವ ಮೊದಲು ಬರವಣಿಗೆಯಲ್ಲಿ ತಿಳಿಸುತ್ತದೆ, ಮರಳಿ ಕಟ್ಟುವ ಕೆಲಸ ಬಂದರೆ ಅದಕ್ಕೆ ಪ್ರತ್ಯೇಕ ಸಂಭಾವನೆ ಇರುತ್ತದೆ. ಮೂರನೆಯದನ್ನು ಬರೆಯಲು ಅವಳು ಹಿಂಜರಿದಳು, ಮುಂದೆ ಕೆಲಸ ಕೊಡದಿದ್ದರೆ ಎಂದಳು. ಬರೆಯಲೇಬೇಕೆಂದೆ. ಹೆಸರು ತಿದ್ದಿದ ಪ್ರತಿಯೊಡನೆ ಈ ಕರಡನ್ನೂ ಅವಳು ವ್ಯವಸ್ಥಾಪಕರಿಗೆ ಕಳಿಸಿದ್ದಾಳೆ. ಮಾತು ತೆಗೆಯಬೇಕಾದ ಭಾಗದ ಕೆಲಸ ಇನ್ನೂ ನಡೆದಿದೆ. ಕರಡಿಗೆ ಉತ್ತರ ಬಂದಿಲ್ಲ.